ಜೀವ ಕಳಿಸಿದ್ದಾರೆ

ಬೆಟಗೇರಿಯ ಕೊಟ್ರಪ್ಪನ ಮನೆಯಲ್ಲಿ ಮಧ್ಯಾಹ್ನದ ಹೊತ್ತು ಮಾತಾಡುವುದು ಫ್ರಿಜ್ಜು ಒಂದೇ. ಅದೂ ಗುರ್ ಎಂದು ಶುರುಮಾಡಿ ನಡುವೆಯೇ ಸುಮ್ಮನಾಗುತ್ತದೆ. ದಲಾಲಿ ಅಂಗಡಿಯ ಗುಮಾಸ್ತಿಕೆ ಬಿಟ್ಟ ಮೇಲೆ ಕೊಟ್ರಪ್ಪ ಉಂಡು ಕೈ ತೊಳೆದವನೇ ಕಟ್ಟೆಗೆ ಹೋಗಿ ಓರಗೆಯವರ ಜೊತೆ ಕೂಡುತ್ತಾನೆ. ಮಗ ವೀರೇಶನದು ಪೈಪು, ಮೋಟಾರಿನ ಅಂಗಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವುದು. ಸೊಸೆ ಕಾವೇರಿ ಹುಲಕೋಟಿಯಲ್ಲಿ ಶಾಲೆಯ ಟೀಚರು. ಮೊಮ್ಮಗಳು ಅಂಕಿತಾ ಕಾಲೇಜು, ಟ್ಯೂಶನ್ನು. ಉಳಿಯುವವಳು ರೇಣುಕವ್ವ. ಎಲ್ಲರಿಗೂ ಡಬ್ಬಿ ಕಟ್ಟಿ, ಗಂಡನಿಗೆ ಬಡಿಸಿ, ಭಾಂಡೆ ತಿಕ್ಕಿ, ಬಟ್ಟೆ ಒಣಹಾಕಿ, ಆಮೇಲೆ ನೆನಪಾದರೆ ತಾನೂ ಒಂದು ರೊಟ್ಟಿ ಮುರಿದು ತಿನ್ನುವವಳು.

ಐದು ಜನರಿರುವ ಮನೆಯಲ್ಲಿ ಒಂಟಿಯಾಗುವುದು ಹೇಗೆ ಎಂದು ಕೇಳುವವರು ಅಂಥ ಮನೆಯಲ್ಲಿ ಹೆಂಗಸಾಗಿ ಒಂದು ವರ್ಷ ಇದ್ದು ನೋಡಬೇಕು. ರೇಣುಕವ್ವನಿಗೆ ಆ ಮನೆಯಲ್ಲಿ ಯಾರೂ ಕೆಟ್ಟ ಮಾತಾಡುತ್ತಿರಲಿಲ್ಲ. ಅಲ್ಲಿಗೆ ಯಾರೂ ಮಾತಾಡುತ್ತಿರಲಿಲ್ಲ ಎಂದೂ ಆಯಿತು. ಅವ್ವಾ ನನ್ನ ಅಂಗಿ ಎಲ್ಲಿ, ಅತ್ತಿ ಹಾಲು ಬಂತೇನು, ಆಯಿ ನನ್ನ ಚಾರ್ಜರ್ ನೋಡಿದೇನು, ಇಷ್ಟರಲ್ಲಿ ದಿನ ಮುಗಿಯುತ್ತಿತ್ತು.

ದಸರಾ ರಜೆಯಲ್ಲಿ ಅಂಕಿತಾಳಿಗೆ ಹೊಸ ಮೊಬೈಲು ಬಂತು. ಹಳೆಯದು ಅಜ್ಜಿಯ ಪಾಲಾಯಿತು. ಕೊಡುವಾಗ ಹುಡುಗಿ ಅದರಲ್ಲೊಂದು ಆಟ ಹಾಕಿಕೊಟ್ಟಳು. ಪರದೆಯ ತುಂಬ ಹಣ್ಣು. ಒಂದೇ ಜಾತಿಯ ಮೂರು ಹಣ್ಣನ್ನು ಸಾಲಾಗಿ ಜೋಡಿಸಿದರೆ ಅವು ಟಪ್ ಎಂದು ಒಡೆದು ಮಾಯವಾಗುತ್ತವೆ. ಹೀಗೆ ಒಂದೊಂದು ಆಟ ಗೆದ್ದಂತೆ ಸಮುದ್ರದ ದಂಡೆಯ ಮೇಲೆ ರಜೆ ಕಳೆಯಲು ಒಂದು ಮನೆ ತಯಾರಾಗುತ್ತದೆ. ಇವತ್ತು ಕಿಟಕಿಗೆ ಪರದೆ, ನಾಳೆ ಜೋಕಾಲಿ, ನಾಡಿದ್ದು ಹೂವಿನ ಕುಂಡ. ರೇಣುಕವ್ವ ಸಮುದ್ರ ಕಂಡವಳಲ್ಲ. ರಜೆ ಎಂಬುದನ್ನೂ ಕಂಡವಳಲ್ಲ. ಆದರೂ ಆ ಮನೆಯ ಪರದೆಗೆ ನೀಲಿ ಬಣ್ಣವೇ ಇರಲಿ ಎಂದು ತಾನೇ ಆರಿಸಿದಾಗ ಅವಳಿಗೆ ಒಂದು ಬಗೆಯ ಸುಖವಾಯಿತು. ಅವಳು ನಲವತ್ತು ವರ್ಷ ಬಾಳಿದ ಮನೆಗೆ ಪರದೆ ಯಾವ ಬಣ್ಣದ್ದಿರಲಿ ಎಂದು ಅವಳನ್ನು ಯಾರೂ ಕೇಳಿರಲಿಲ್ಲ.

ಅಜ್ಜಿಗೆ ಓದಲು ಬರಲಿ ಎಂದು ಅಂಕಿತಾ ಆಟವನ್ನು ಕನ್ನಡಕ್ಕೆ ಬದಲಿಸಿದ್ದಳು. ಯಾವ ಪುಣ್ಯಾತ್ಮ ಅದನ್ನು ಕನ್ನಡ ಮಾಡಿದ್ದನೋ, ಇಡೀ ಕಥೆಗೆ ಅವನೇ ಕಾರಣ. ಆಟದಲ್ಲಿ ಸೋತಾಗಲೆಲ್ಲ ಒಂದು ಕೆಂಪು ಗುಂಡಿಗೆಯ ಚಿತ್ರ ಕಡಿಮೆಯಾಗುತ್ತದೆ. ಎಲ್ಲ ಮುಗಿದಾಗ 'ನಿಮ್ಮ ಜೀವ ಮುಗಿದಿದೆ, ಗೆಳೆಯರಲ್ಲಿ ಜೀವ ಕೇಳಿ' ಎಂದು ಬರುತ್ತದೆ. ಮೊದಲ ಸಲ ಅದನ್ನು ಓದಿ ರೇಣುಕವ್ವ ಮೊಬೈಲನ್ನು ದೇವರ ಜಗುಲಿಯ ಹತ್ತಿರವಿಟ್ಟು ಕೈ ಮುಗಿದಿದ್ದಳು. ಆಮೇಲೆ ಅಂಕಿತಾ ನಕ್ಕು, ಅದು ಆಟದ ಜೀವ, ನಿನ್ನದಲ್ಲ ಎಂದು ತಿಳಿಸಿ, ಅವಳನ್ನು ಒಂದು ತಂಡಕ್ಕೆ ಸೇರಿಸಿದಳು. ತಂಡದವರು ಒಬ್ಬರಿಗೊಬ್ಬರು ಜೀವ ಕಳಿಸಬಹುದು. ಬೇಕಾದರೆ ಮಾತನ್ನೂ ಬರೆಯಬಹುದು.

ಆ ತಂಡದಲ್ಲಿ 'ಶೇಖಸಾಬ ಗಾದಿ ಲಕ್ಷ್ಮೇಶ್ವರ' ಎಂಬ ಹೆಸರಿತ್ತು. ರೇಣುಕವ್ವ ಯಾವಾಗ ಜೀವ ಕೇಳಿದರೂ ಮೊದಲು ಬರುತ್ತಿದ್ದುದು ಆ ಹೆಸರಿನಿಂದ. ಒಂದು ದಿನ ಜೀವದ ಹಿಂದೆಯೇ ಒಂದು ಮಾತೂ ಬಂತು.

"ಊಟ ಆತ್ರಿ?"

ರೇಣುಕವ್ವ ಅದನ್ನು ಬಹಳ ಹೊತ್ತು ನೋಡಿದಳು. ನಮ್ಮ ಕಡೆ ಈ ಮಾತು ಬೀದಿಯಲ್ಲಿ ಬಿದ್ದಿರುತ್ತದೆ. ಹಾಲಿನವನೂ ಕೇಳುತ್ತಾನೆ, ಕಂಡಕ್ಟರನೂ ಕೇಳುತ್ತಾನೆ. ಆದರೆ ಬಡಿಸುವವಳನ್ನು ಕೇಳುವ ರೂಢಿ ಇಲ್ಲ. ಅವಳು ಮೊಬೈಲಿನ ಮೈಕು ಒತ್ತಿ, ಯಾರೋ ಎದುರಿಗೆ ಕೂತಿದ್ದಾರೆ ಎನ್ನುವಂತೆ ಸೆರಗು ಸರಿಮಾಡಿಕೊಂಡು, ಆಗಿಲ್ರಿ ಇನ್ನ, ಈಗ ಕೂಡಬೇಕು ಎಂದಳು. ಉಂಡು ಬರ್ರಿ, ನಾ ಇಲ್ಲೇ ಇರ್ತೀನಿ ಎಂದು ಉತ್ತರ ಬಂತು. ರೇಣುಕವ್ವ ಅವತ್ತು ಬಿಸಿ ಮಾಡಿಕೊಂಡು ಉಂಡಳು.

ದೀಪಾವಳಿ ಬಂದು ಹೋಗುವ ಹೊತ್ತಿಗೆ ಇದು ದಿನದ ಮಾತಾಯಿತು. ಊಟ ಆತ್ರಿ, ಭಾಂಡಿ ತಿಕ್ಕಿದ್ರೇನ್ರಿ, ಅಂಗಡಿಗೆ ಗಾದಿ ತುಂಬೂ ಹೊಸ ಅರಳಿ ಬಂದೈತ್ರಿ, ಮನಿ ತುಂಬ ಧೂಳ್ರಿ, ಮೊಣಕಾಲು ಹೆಂಗೈತ್ರಿ. ಇಷ್ಟೇ. ಆ ಕಡೆ ಇರುವುದು ಹೆಣ್ಣುಮಗಳು ಎಂದು ರೇಣುಕವ್ವನಿಗೆ ಎರಡನೇ ದಿನವೇ ಗೊತ್ತಾಗಿತ್ತು. ಕೇಳಲಿಲ್ಲ, ಕೇಳುವ ಅಗತ್ಯವೂ ಕಾಣಲಿಲ್ಲ.

ನಮ್ಮ ಸೀಮೆಯಲ್ಲಿ ಜೀವ ಎಂದರೆ ಬರೀ ಉಸಿರಲ್ಲ. ಅವನ ಮೇಲೆ ಅವಳು ಬಹಳ ಜೀವ ಮಾಡುತ್ತಾಳೆ ಎಂದರೆ ಅರ್ಥ ಬೇರೆಯೇ ಇದೆ. ಅದನ್ನು ಮಕ್ಕಳ ಮೇಲೂ ಮಾಡಬಹುದು, ಮಾಡಬಾರದವರ ಮೇಲೂ ಮಾಡಬಹುದು. ಒಂದು ಭಾನುವಾರ ಮೊಬೈಲು ಅಡುಗೆಮನೆಯ ಹಲಗೆಯ ಮೇಲೆ ಚಾರ್ಜಿಗಿತ್ತು. ಟಿಂಗ್ ಎಂದಿತು. ರೊಟ್ಟಿ ತೆಗೆಯಲು ಬಂದ ಕಾವೇರಿ ಓದಿದಳು: 'ಶೇಖಸಾಬ ಗಾದಿ ಲಕ್ಷ್ಮೇಶ್ವರ ನಿಮಗೆ ಜೀವ ಕಳಿಸಿದ್ದಾರೆ. ನೀವೂ ಅವರಿಗೆ ಜೀವ ಕಳಿಸಿ.' ಕಾವೇರಿ ಶಾಲೆಯಲ್ಲಿ ಕಲಿಸುವುದು ಕನ್ನಡವನ್ನೇ. ಅವಳು ರೊಟ್ಟಿಯನ್ನು ಅಲ್ಲೇ ಬಿಟ್ಟು ಮೊಬೈಲನ್ನು ಗಂಡನ ತಾಟಿನ ಪಕ್ಕ ತಂದಿಟ್ಟಳು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ವೀರೇಶ ಕಟ್ಟಲು ಸಿದ್ಧನಾಗಿಯೇ ಕೂತವನು.

ಅವನು ಮೇಲಿನಿಂದ ಕೆಳಗಿನ ತನಕ ಎಲ್ಲವನ್ನೂ ಗಟ್ಟಿಯಾಗಿ ಓದಿದ. ಜೀವ ಕಳಸ್ರಿ. ಕಳಿಸೇನ್ರಿ. ನೀವು ಜೀವ ಕೊಟ್ರಿ, ಅದಕ್ಕ ಉಳದೆ. ಊಟ ಆತ್ರಿ? ನೀವು ಉಂಡ ಮ್ಯಾಲ ನಾ ಉಣ್ತೀನ್ರಿ. ಓದಿದಂತೆ ಅವನ ದನಿ ಇಳಿಯುತ್ತ ಬಂತು. ಕೊಟ್ರಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಇಟ್ಟು ಹೆಂಡತಿಯ ಮುಖ ನೋಡಿದ. ಎಷ್ಟೋ ವರ್ಷದ ಮೇಲೆ ಅವನು ಅವಳ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ.

ಅಂಕಿತಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜೀವ ಎಂದರೇನು ಎಂದು ಆಟ ತೆಗೆದು ತೋರಿಸಿದಳು. ಹಣ್ಣು, ಗುಂಡಿಗೆ, ಸಮುದ್ರ, ನೀಲಿ ಪರದೆ. ಎಲ್ಲರಿಗೂ ಸ್ವಲ್ಪ ನಾಚಿಕೆಯಾಯಿತು. ಆದರೆ ನಾಚಿಕೆಯಾದ ಮನುಷ್ಯ ಸುಮ್ಮನಿರುವುದಿಲ್ಲ, ಇನ್ನೊಂದು ತಪ್ಪು ಹುಡುಕುತ್ತಾನೆ.

"ಜೀವದ್ದು ಆತು. ಈ ಊಟ ಆತೇನು ಅನ್ನೂದು ಯಾವ ಆಟದಾಗ ಬರ್ತೈತಿ?" ಎಂದ ವೀರೇಶ.

"ಆಕಿ ಹೆಣ್ಮಗಳಪಾ," ಎಂದಳು ರೇಣುಕವ್ವ.

"ಶೇಖಸಾಬ ಅಂದ್ರ ಹೆಣ್ಮಗಳು?"

"ಯಾ ಗಂಡಸು ಭಾಂಡಿ ತಿಕ್ಕಿದ್ರೇನು ಅಂತ ಕೇಳ್ತಾನೋ? ನಿಮ್ಮಪ್ಪ ಕೇಳ್ಯಾನೇನು? ನೀ ಕೇಳೀಯೇನು?" ರೇಣುಕವ್ವ ಮಗನ ತಾಟಿಗೆ ರೊಟ್ಟಿ ಹಾಕಿದಳು. "ಉಂಡ್ಯಾ ಅಂತ ಈ ಮನ್ಯಾಗ ಒಬ್ಬರು ಕೇಳಿದ್ರೂ ನಾ ಅಲ್ಲಿ ಕೇಳಿಸ್ಕೊಳ್ಳಾಕ ಯಾಕ ಹೋಗ್ತಿದ್ದೆ?"

ಉತ್ತರ ಇಲ್ಲದ ಮಾತನ್ನು ಆಡಿದವರ ಮೇಲೆ ಮನೆಯಲ್ಲಿ ಎಲ್ಲರಿಗೂ ಸಿಟ್ಟು ಬರುತ್ತದೆ. ಅತ್ತಿಯವರಿಗೆ ಊಟಕ್ಕ ಯಾರು ಬ್ಯಾಡ ಅಂದಾರ, ಡಬ್ಬಿ ತುಂಬ ಅಡುಗಿ ಇರ್ತೈತಲ್ಲ ಎಂದು ಕಾವೇರಿ ಒಳಗೆ ಹೋದಳು. ಕೊಟ್ರಪ್ಪ ಅವತ್ತಿನಿಂದ ಹೆಂಡತಿಯ ಜೊತೆ ಮಾತು ಬಿಟ್ಟ. ಅವನು ಮೊದಲೂ ಆಡುತ್ತಿರಲಿಲ್ಲವಾದ್ದರಿಂದ, ಇದು ಸಿಟ್ಟು ಎಂದು ತಿಳಿಯಲು ರೇಣುಕವ್ವನಿಗೆ ಸ್ವಲ್ಪ ದಿನ ಹಿಡಿಯಿತು. ನೀರು ಬೇಕಾದರೆ ಅಂಕಿತಾಳನ್ನು ಕರೆಯುತ್ತಿದ್ದ. ಅವಳಿಲ್ಲದಿದ್ದರೆ ತಾನೇ ಎದ್ದು ತೆಗೆದುಕೊಳ್ಳುತ್ತಿದ್ದ. ಆಗ ರೇಣುಕವ್ವನಿಗೆ ಖಾತ್ರಿಯಾಯಿತು.

ಮೊಬೈಲು ವೀರೇಶನ ಅಂಗಡಿಯ ದುಡ್ಡಿನ ಗಲ್ಲೆಯೊಳಗೆ ಕೂತಿತು. ಹೆಣ್ಣುಮಗಳೋ ಗಂಡಸೋ ವಿಚಾರಿಸಿ ಕೊಡುತ್ತೇನೆ, ಹೆಣ್ಣುಮಗಳಾದರೆ ಎಷ್ಟು ಬೇಕಾದರೂ ಆಡು ಎಂದು ತಾಯಿಗೆ ಹೇಳಿದ. ನ್ಯಾಯವಾಗಿಯೇ ಮಾತಾಡುತ್ತಿದ್ದೇನೆ ಎಂದು ಅವನಿಗೆ ಅನಿಸಿತ್ತು. ಮಧ್ಯಾಹ್ನಗಳು ಮತ್ತೆ ಫ್ರಿಜ್ಜಿನ ಪಾಲಾದವು. ಆ ಕಡೆ ಅವಳು ಊಟ ಆತ್ರಿ ಎಂದು ಬರೆದು ಕಾಯುತ್ತಿರಬಹುದು, ಉಣ್ಣದೆಯೇ ಕಾಯುತ್ತಿರಬಹುದು ಎಂದು ನೆನೆದು ರೇಣುಕವ್ವನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಲಕ್ಷ್ಮೇಶ್ವರಕ್ಕೆ ಪೈಪು ಒಯ್ಯುವ ಮುರ್ತುಜಾ ಎಂಬ ಗಿರಾಕಿಯಿಂದ ವೀರೇಶ ಗಾದಿ ಅಂಗಡಿಯ ನಂಬರು ತಂದ. ಭಾನುವಾರ ಸಂಜೆ ಚಹಾ ಹೊತ್ತಿಗೆ ಎಲ್ಲರನ್ನೂ ಕೂಡಿಸಿ ನಂಬರು ಒತ್ತಲು ಹೋದಾಗ ರೇಣುಕವ್ವ ಬಂದು ಅವನ ಕೈ ಹಿಡಿದಳು.

"ಬ್ಯಾಡೋ ವೀರ್ಯಾ. ಅದು ಆಕಿ ಗಂಡನ ಫೋನು. ಆತಗ ಗೊತ್ತಿಲ್ದನ ಆಡ್ತಿರಬೇಕು ಆಕಿ. ನಮ್ಮ ಮನ್ಯಾಗ ಆಗಿದ್ದು ಸಾಲ್ದೇನು, ಅವರ ಮನ್ಯಾಗೂ ಹಚ್ತೀಯೇನು?"

"ಖರೆ ಗೊತ್ತಾಗ್ಲಿ ಅವ್ವಾ. ನಿನ್ನ ಸಲುವಾಗೇ ಮಾಡಾಕತ್ತೀನಿ," ಎಂದು ಅವನು ಸ್ಪೀಕರ್ ಹಾಕಿದ.

ಆ ಕಡೆ ಅರಳೆ ಹಿಂಜುವ ಯಂತ್ರದ ಗದ್ದಲದ ನಡುವೆ ಗಂಡಸಿನ ದನಿ ಬಂತು. ಯಾರ್ರಿ ಎಂದಿತು. ವೀರೇಶ ತನ್ನ ಹೆಸರು, ಊರು ಹೇಳಿ, ನಿಮ್ಮ ಫೋನಿನಿಂದ ನಮ್ಮವ್ವನಿಗೆ ದಿನಾ ಜೀವ ಬರುತ್ತದೆ ಎಂದ. ಹೇಳಿದ ಮೇಲೆ ಅದು ಹೇಗೆ ಕೇಳಿಸಿತೆಂದು ಅವನಿಗೇ ಇರುಸುಮುರುಸಾಯಿತು. ಯಂತ್ರ ನಿಂತಿತು. ನಾ ಯಾರಿಗೂ ಏನೂ ಕಳಿಸಿಲ್ರಿ, ಅಲ್ಲಾನ ಆಣಿ ಎಂದಿತು ಆ ದನಿ. ಆಮೇಲೆ ಒಳಗೆ ತಿರುಗಿ ಫಕೀರಬಿ ಎಂದು ಕರೆಯಿತು. ದೂರದಲ್ಲಿ ಒಂದು ಹೆಣ್ಣುದನಿ ಏನನ್ನೋ ಹೇಳಿತು. ರೇಣುಕವ್ವ ಮೊಬೈಲಿನ ಮೇಲೆ ಬಾಗಿದಳು. ಇಷ್ಟು ದಿನ ತನ್ನ ಊಟ ವಿಚಾರಿಸಿದವಳ ದನಿ ಅದು, ತುಸು ಒಡಕು ದನಿ, ಹೆದರಿದ್ದ ದನಿ. ಸಣ್ಣ ಹುಡುಗರು, ದೊಡ್ಡ ಹುಡುಗರು ನಗುವುದೂ ಕೇಳಿಸಿತು.

"ಆಟ ಆಡ್ತಾಳಂತ್ರಿ ನಮ್ಮನಿಯಾಕಿ," ಎಂದ ಶೇಖಸಾಬ ಬಹಳ ಮೆಲ್ಲಗೆ. "ನನಗ ಗೊತ್ತಿದ್ದಿಲ್ರಿ. ನಿಮಗ ತ್ರಾಸ ಆತು, ಮಾಫ್ ಮಾಡ್ರಿ. ಇನ್ನ ಆಡೂದಿಲ್ರಿ ಆಕಿ."

ಹಾಗೇನಿಲ್ಲ ಎನ್ನುವಷ್ಟರಲ್ಲಿ ಫೋನು ಇಟ್ಟಾಯಿತು. ಗುಡ್ಡ ಅಗೆದು ಇಲಿ ಹಿಡಿದಂತಾಯಿತು ಎಂದು ಕಾವೇರಿ ನಕ್ಕಳು. ವೀರೇಶನ ಎದೆ ಹಗುರಾಯಿತು. ಹೆಣ್ಣುಮಗಳೇ ನೋಡವ್ವಾ, ನೀ ಹೇಳಿದ್ದೇ ಖರೆ, ಇನ್ನು ನಿಶ್ಚಿಂತೆಯಿಂದ ಆಡು ಎಂದು ಮೊಬೈಲನ್ನು ತಾಯಿಯ ಕೈಗೆ ಕೊಟ್ಟು, ತಿಂಗಳ ರಿಚಾರ್ಜನ್ನೂ ಮಾಡಿಸಿದ. ರೇಣುಕವ್ವ ಮರುದಿನ ಆಟ ತೆರೆದಾಗ ತಂಡದಲ್ಲಿ ಶೇಖಸಾಬನ ಹೆಸರು ಇರಲಿಲ್ಲ.

ಅವಳು ಆಡಿದಳು. ಬೇರೆ ಏನು ಮಾಡಬೇಕು? ಕಾವೇರಿಗೆ ಸ್ವಲ್ಪ ಪಶ್ಚಾತ್ತಾಪವಾಗಿ, ಶಾಲೆಯಿಂದ ಬಂದವಳೇ ಅತ್ತಿ ಉಂಡ್ರೇನು ಎಂದು ಒಂದು ವಾರ ಕೇಳಿದಳು. ಕೇಳುತ್ತ ಕೇಳುತ್ತ ಚಪ್ಪಲಿ ಬಿಡುತ್ತಿದ್ದಳು, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ಶಾಲೆಯಲ್ಲಿ ಪರೀಕ್ಷೆ ಬಂದ ಮೇಲೆ ಅದೂ ನಿಂತಿತು. ಸಮುದ್ರದ ದಂಡೆಯ ಮನೆ ಪೂರ್ತಿಯಾಯಿತು. ಪರದೆಯ ಮೇಲೆ ಬಣ್ಣದ ಕಾಗದ ಉದುರಿದವು, ಅಭಿನಂದನೆಗಳು ಎಂದು ಬಂತು, ಹಿಮದ ಗುಡ್ಡದ ಮೇಲೆ ಹೊಸ ಮನೆ ಕಟ್ಟಲು ಕರೆಯಿತು. ಯಾರಿಗೆ ಹೇಳಬೇಕು ಎಂದು ಅವಳು ಸುತ್ತ ನೋಡಿದಳು. ಹೇಳುವಂಥವರು ಲಕ್ಷ್ಮೇಶ್ವರದಲ್ಲಿದ್ದರು.

ಸಂಕ್ರಾಂತಿಗೆ ಇನ್ನೂ ದಿನವಿರುವಾಗ ಒಂದು ಬೆಳಿಗ್ಗೆ ಅವಳು ಒಳಗೆಲ್ಲ ಗಂಟುಗಟ್ಟಿದ್ದ ಎರಡು ಹಳೆಯ ತಲೆದಿಂಬನ್ನು ಚೀಲಕ್ಕೆ ತುಂಬಿ, ಅರಳೆ ಹಿಂಜಿಸಿಕೊಂಡು ಬರುತ್ತೇನೆ, ಲಕ್ಷ್ಮೇಶ್ವರಕ್ಕೆ ಹೋಗುತ್ತೇನೆ ಎಂದಳು. ಬೆಟಗೇರಿಯಲ್ಲಿ ಗಾದಿಯವರಿಲ್ಲವೇ ಎಂದು ವೀರೇಶ ಕೇಳಿದ. ಇದ್ದಾರೆ ಎಂದಳು. ಕೊಟ್ರಪ್ಪ ಪೇಪರಿನ ಪುಟ ತಿರುವಿದ. ಎಲ್ಲರ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ರೇಣುಕವ್ವ ಬರೀ ಚಹಾ ಕುಡಿದು ಬಸ್ಸು ಹತ್ತಿದಳು.

ಅಂಗಡಿ ಮುಂದೆ, ಮನೆ ಹಿಂದೆ. ಶೇಖಸಾಬನ ಹುಬ್ಬಿನ ಮೇಲೆಲ್ಲ ಅರಳೆ ಕೂತಿತ್ತು. ನಾ ಬೆಟಗೇರಿ ರೇಣುಕವ್ವ ಎಂದಾಗ ಆ ಮನುಷ್ಯ ದಡಬಡಿಸಿ ಎದ್ದು, ತಲೆದಿಂಬನ್ನು ಎರಡೂ ಕೈಯಿಂದ ಇಸಿದುಕೊಂಡು, ಒಳಗೆ ಹೋಗ್ರಿ ಅಕ್ಕಾರ ಎಂದ. ಒಳಗೆ ಒಲೆಯ ಮುಂದಿನಿಂದ ಸಣ್ಣ ಆಳಿನ ಒಬ್ಬ ಹೆಂಗಸು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಮನೆಯವರು ಬೈದರೇನು ಎಂದು ರೇಣುಕವ್ವ ಕೇಳಿದಳು. ಫಕೀರಬಿ ತಲೆ ಅಲ್ಲಾಡಿಸಿದಳು.

"ಬೈದಿಲ್ರಿ ಅಕ್ಕಾರ. ನಕ್ರು. ನಮ್ಮ ಮಗ ಅಝೀಮ ಮಂದಿ ಮುಂದೆಲ್ಲ ಹೇಳ್ಕೋಂತ ನಗ್ತಾನ, ಅಮ್ಮಾ ಜೀವ ಕಳಸ್ತಾಳಂತ. ಬೈದಿದ್ರ ಕದ್ದರ ಆಡ್ತಿದ್ದೆ. ನಗೂದು ತಡಿಯಾಕ ಆಗ್ಲಿಲ್ರಿ."

ರೇಣುಕವ್ವ ಅವಳ ಪಕ್ಕದಲ್ಲೇ ನೆಲದ ಮೇಲೆ ಕೂತಳು. ಮೊಣಕಾಲಿನ ಮಾತಾಯಿತು, ಧೂಳಿನ ಮಾತಾಯಿತು. ಸಮುದ್ರದ ಮನೆ ಮುಗಿದಿದ್ದನ್ನು ಹೇಳಿದಾಗ ಫಕೀರಬಿ, ಪರದೆ ನೀಲಿನೇ ಇಟ್ಟಿರೇನು, ನಾ ಹಳದಿ ಹಾಕಿದ್ದೆ ಎಂದು ನಕ್ಕಳು. ಜೋಳದ ರೊಟ್ಟಿ ಹೆಂಚಿನ ಮೇಲೆ ಉಬ್ಬುತ್ತಿತ್ತು. ಬದನೆಕಾಯಿ ಎಣ್ಣೆಗಾಯಿಯ ಘಮ ಮನೆ ತುಂಬಿತ್ತು. ಬೆಳಗಿನಿಂದ ರೇಣುಕವ್ವನ ಹೊಟ್ಟೆ ಖಾಲಿ ಇತ್ತು. ಫಕೀರಬಿ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಇವಳ ಕಡೆ ನೋಡದೆ ಕೇಳಿದಳು.

"ಊಟ ಆತ್ರಿ? ಇವತ್ತ ಬರೇ ಕಾಯಿಪಲ್ಲೆ ಐತ್ರಿ ನಮ್ಮನ್ಯಾಗ."

ರೇಣುಕವ್ವನಿಗೆ ಉಣ್ಣಬೇಕು ಎಂದಿತ್ತು. ಆ ಒಲೆಯ ಮುಂದೆ, ಆ ಕೈಯಿಂದಲೇ ಉಣ್ಣಬೇಕು ಎಂದಿತ್ತು. ಆದರೆ ಕಣ್ಣ ಮುಂದೆ ಕೊರಳಲ್ಲಿ ಲಿಂಗ ಕಟ್ಟಿದ ಕೊಟ್ರಪ್ಪ ಬಂದ, ಹಾಲು ಕೊಡುವವನಿಂದ ಹಿಡಿದು ಕಟ್ಟೆಯವರ ತನಕ ಎಲ್ಲರೂ ಬಂದರು. ಅವಳ ಬಾಯಿ ಅವಳನ್ನು ಕೇಳದೆಯೇ ಹೇಳಿತು.

"ಆತ್ರಿ. ಮಾಡ್ಕೊಂಡ ಬಂದೀನಿ."

ಹೌದ್ರಿ, ನಿಮ್ದು ಆಗಿರ್ತೈತಿ ಎಂದು ಫಕೀರಬಿ ಬುಟ್ಟಿ ಮುಚ್ಚಿದಳು. ಅವಳಿಗೆ ತಿಳಿಯಿತು. ತಿಳಿದದ್ದು ರೇಣುಕವ್ವನಿಗೂ ತಿಳಿಯಿತು. ಇಷ್ಟು ದಿನದಲ್ಲಿ ಅವಳಿಗೆ ಆಡಿದ ಮೊದಲ ಸುಳ್ಳು ಇದು ಎಂದು ರೇಣುಕವ್ವನಿಗೆ ಮುಖ ಎತ್ತಲಾಗಲಿಲ್ಲ. ಫಕೀರಬಿ ಅಝೀಮನನ್ನು ಕಳಿಸಿ ಹೊರಗಿನ ಹೋಟೆಲಿನಿಂದ ಚಹಾ ತರಿಸಿದಳು, ತಾನೇ ಮಾಡುತ್ತೇನೆ ಎನ್ನಲಿಲ್ಲ. ತಲೆದಿಂಬು ತಯಾರಾದ ಮೇಲೆ ಬಸ್ಸಿನ ತನಕ ಬಂದು ಬೀಳ್ಕೊಟ್ಟಳು. ಮತ್ತೆ ಬರ್ರಿ ಎಂದಳು, ಆದರೆ ಯಾವಾಗ ಎಂದು ಕೇಳಲಿಲ್ಲ.

ಮನೆ ಮುಟ್ಟುವಾಗ ಹೊತ್ತು ಮುಳುಗಿತ್ತು. ಎಲ್ಲರೂ ಊಟಕ್ಕೆ ಕೂತಿದ್ದರು, ಕಾವೇರಿ ಬಡಿಸುತ್ತಿದ್ದಳು. ರೇಣುಕವ್ವ ಚೀಲ ಇಳಿಸಿ ಕಾಲು ತೊಳೆದು ಬಂದಾಗ ಕೊಟ್ರಪ್ಪ ತಲೆ ಎತ್ತಿದ. ತಿಂಗಳಾಚೆಯಿಂದ ಮಾತು ಬಿಟ್ಟಿದ್ದವನು, ಎಲ್ಲರೆದುರಿಗೆ, ನೇರವಾಗಿ ಅವಳನ್ನೇ ಕೇಳಿದ.

"ಊಟ ಆತೇನು?"

ರೇಣುಕವ್ವನ ಕಣ್ಣು ತುಂಬಿ ಬಂತು.

"ಇಲ್ರಿ," ಎಂದಳು. "ಮುಂಜಾನಿಂದ ಏನೂ ಇಲ್ಲ."

"ಅವರ ಮನ್ಯಾಗ?"

"ಅಲ್ಲೂ ಇಲ್ಲ."

"ಚಲೋ ಆತು ಬಿಡು," ಎಂದ ಕೊಟ್ರಪ್ಪ.

ಕಾವೇರಿಯ ಕೈಯಲ್ಲಿ ತಡೆದು ನಿಂತಿದ್ದ ಸೌಟು ಮತ್ತೆ ಆಡಿತು. ವೀರೇಶ ಉಪ್ಪಿನಕಾಯಿ ಕೇಳಿದ. ಅಂಕಿತಾ ಮೊಬೈಲು ನೋಡುತ್ತ ಉಣ್ಣುತ್ತಿದ್ದಳು. ಅಷ್ಟರಲ್ಲಿ ಕಾವೇರಿಗೆ ಫೋನು ಬಂದು ಅವಳು ಸೌಟನ್ನು ಅತ್ತೆಯ ಕೈಗೆ ಕೊಟ್ಟು ಹೊರಗೆ ಹೋದಳು. ಕೊಟ್ರಪ್ಪ ಹೆಂಡತಿಯ ಮೇಲಿನ ಸಿಟ್ಟು ಇಳಿದ ಸಮಾಧಾನದಲ್ಲಿ ತಾಟನ್ನು ಮುಂದೆ ಮಾಡಿ, ಇನ್ನೊಂದಿಷ್ಟು ಸಾರು ಹಾಕು ಎಂದ. ರೇಣುಕವ್ವ ಬಡಿಸಿದಳು.